ಹಾರಿ ಬಂದ ಲಕೋಟೆಗಳು



ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಇಂದಿನ ಮಾತಿನಲ್ಲಿ ಅಂಚೆ ಎಂದರೆ ಟಪಾಲು. ನಳನ ಒಲವನ್ನು ದಮಯಂತಿಗೆ ಮುಟ್ಟಿಸಿದ ಹಕ್ಕಿಯ ಕಥೆಯನ್ನು ಕೇಳುತ್ತ ಬೆಳೆದ ನಮಗೆ, ಸಂದೇಶವೊಂದು ಆಕಾಶಮಾರ್ಗವಾಗಿ ಬಂದು ಅಂಗಳದಲ್ಲಿ ಇಳಿಯುವುದೆಂಬುದು ವಿಮಾನ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಮನಸ್ಸು ಒಪ್ಪಿಕೊಂಡಿದ್ದ ಸಂಗತಿ. ಹಾಗೆ ನಿಜವಾಗಿಯೂ ಹಾರಿ ಬಂದ ಕಾಗದಗಳ ವಿಷಯವನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ. ಕಾಗದಕ್ಕಿಂತಲೂ ಅದರ ಹೊದಿಕೆಯ ವಿಷಯ ಎಂದರೆ ಹೆಚ್ಚು ಸರಿಯಾದೀತು. ವಿಮಾನದಲ್ಲಿ ಹಾರಿದ, ರಾಕೆಟ್ಟಿನಲ್ಲಿ ಹಾರಿದ, ಹಾರಲು ಹೋಗಿ ಸುಟ್ಟುಹೋದ ಹಳೆಯ ಲಕೋಟೆಗಳನ್ನು ಕೂಡಿಡುವ ಒಂದು ಹವ್ಯಾಸವುಂಟು. ಅದರಲ್ಲಿ ನಾನು ಐದಾರು ದಶಕಗಳನ್ನು ಕಳೆದಿದ್ದೇನೆ. ಆರಂಭವಾದದ್ದು ಮಾತ್ರ ಒಂದು ಅಪರಾಧದಿಂದ.

ಆ ಅಪರಾಧವನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಊರು ರತ್ನಗಿರಿಯ ದುರ್ಗದ ಕೆಳಗಿನದು, ಮಡಕಶಿರಾ ಸೀಮೆಯದು. ತಾಯಿಯ ತವರು ರಾಯದುರ್ಗ. ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋದರೆ ಅಟ್ಟದ ಮೇಲೆ ತಾತನವರ ತಗಡಿನ ಪೆಟ್ಟಿಗೆಯೊಂದಿತ್ತು. ಅವರು ಜವಳಿಯ ವ್ಯಾಪಾರ ಮಾಡಿದವರು. ಬೊಂಬಾಯಿಯ ಮಂಡಿಗಳಿಂದ ಬಂದ ಕಾಗದಗಳನ್ನು ಸುತಳಿಯಲ್ಲಿ ಕಟ್ಟಿ, ನಡುವೆ ಬೇವಿನ ಎಲೆಯಿಟ್ಟು, ವರ್ಷಗಟ್ಟಲೆ ಕಾಪಾಡಿದ್ದರು. ಶಾಲೆಯಲ್ಲಿ ಆಗ ಅಂಚೆಚೀಟಿಗಳನ್ನು ಅಂಟಿಸುವ ಹುಚ್ಚು ಹಬ್ಬಿತ್ತು. ನಾನು ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ, ಹಿತ್ತಾಳೆಯ ಬಟ್ಟಲಿನಲ್ಲಿ ಬಿಸಿನೀರು ತುಂಬಿಕೊಂಡು, ಆ ಲಕೋಟೆಗಳ ಬಲಮೂಲೆಗಳನ್ನು ಒಂದೊಂದಾಗಿ ಹರಿದು ಮುಳುಗಿಸಿದೆ. ಐದನೆಯ ಜಾರ್ಜ್ ದೊರೆಯ ಮುಖವುಳ್ಳ ಚೀಟಿಗಳು ಮೆಲ್ಲಗೆ ಕಳಚಿಕೊಂಡು ತೇಲಿದುವು. ಅವುಗಳಲ್ಲಿ ಒಳ್ಳೆಯದೊಂದನ್ನು ಶಾಲೆಯಲ್ಲಿ ಮೂರು ಮೂಲೆಯ ಪರದೇಶದ ಚೀಟಿಯೊಂದಕ್ಕೆ ಮಾರಿಕೊಂಡೂ ಬಂದೆ.

ಆ ಕಟ್ಟಿನಲ್ಲಿ ಒಂದು ಲಕೋಟೆಯ ಎಡಬದಿಗೆ ನೀಲಿಯ ಸಣ್ಣ ಪಟ್ಟಿಯೊಂದು ಅಂಟಿತ್ತು. ಅದು ವಿಮಾನದ ಅಂಚೆಯ ಗುರುತೆಂದು ಆ ವಯಸ್ಸಿಗೆ ತಿಳಿದಿರಲಿಲ್ಲ. ತಿಳಿದದ್ದು ಹತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಅದರ ಮೂಲೆ ಹೋಗಿತ್ತು, ಮೂಲೆಯೊಂದಿಗೆ ಚೀಟಿ ಹೋಗಿತ್ತು, ಚೀಟಿಯೊಂದಿಗೆ ಮೊಹರಿನ ತೇದಿಯೂ ಹೋಗಿತ್ತು. ಲಕೋಟೆಯ ಬೆನ್ನಿನ ಮೇಲೆ ಇನ್ನೊಂದು ದುಂಡನೆಯ ಮೊಹರಿದೆ. ಬಳ್ಳಾರಿ ಎಂಬ ಹೆಸರಿನ ಮೂರು ನಾಲ್ಕು ಅಕ್ಷರಗಳನ್ನು ಇಂದಿಗೂ ಓದಬಹುದು. ಅದರ ನಡುವಿನ ತೇದಿಯ ಮೇಲೆ ನನ್ನ ಒದ್ದೆ ಬೆರಳು ಓಡಾಡಿದೆ.

ಬಳ್ಳಾರಿ ಎಂಬ ಆ ಹೆಸರು ಏಕೆ ಅಷ್ಟು ಮುಖ್ಯವೆಂಬುದನ್ನು ಹೇಳುವುದೇ ಈ ಭಾಷಣದ ಉದ್ದೇಶ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ.

ನಮ್ಮ ಸೀಮೆಯವರಿಗೆ ರಾಕೆಟ್ಟು ಹೊರಗಿನಿಂದ ಬಂದ ವಸ್ತುವಲ್ಲ. ನಾವು ಅದನ್ನು ಬಾಣ ಎನ್ನುತ್ತೇವೆ, ದೀಪಾವಳಿಯಲ್ಲಿ ಬಾಣ ಬಿರುಸು ಎನ್ನುತ್ತೇವೆ. ಅದರ ಕಥೆಗೆ ನಮ್ಮ ರತ್ನಗಿರಿಯ ನಂಟೂ ಉಂಟು. ಅಲ್ಲಿಯ ಪಾಳೆಯಗಾರನಾದ ರಂಗಪ್ಪನಾಯಕನು ಶಿರಾದ ಕೋಟೆಗೆ ತಳಹದಿ ಹಾಕಿದವನು. ಅದೇ ಶಿರಾ ಮುಂದೆ ಮೊಗಲರ ಸುಬೆಯ ರಾಜಧಾನಿಯಾಯಿತು. ಹೈದರಾಲಿಯ ತಂದೆ ಫತೇ ಮಹಮ್ಮದನು ಅಲ್ಲಿಯ ಸುಬೇದಾರನ ಸೇವೆಯಲ್ಲಿದ್ದವನು. ಅದಕ್ಕೂ ಮೊದಲು ಅವನು ಆರ್ಕಾಟಿನ ನವಾಬನ ಬಳಿ ಐವತ್ತು ಮಂದಿ ಬಾಣದವರ ನಾಯಕನಾಗಿದ್ದನೆಂದು ಹೇಳುವರು. ಮಗನೂ ಮೊಮ್ಮಗನೂ ಆ ವಿದ್ಯೆಯನ್ನು ಬಿಡಲಿಲ್ಲ. ಕಾಗದದ ಕೊಳವೆಯಿದ್ದಲ್ಲಿ ಕಬ್ಬಿಣದ ಕೊಳವೆಯನ್ನು ತಂದರು. ಮದ್ದು ಗಟ್ಟಿಯಾಗಿ ಉರಿಯಿತು. ಬಾಣ ಒಂದೂವರೆ ಎರಡು ಕಿಲೋಮೀಟರು ಹಾರಿತು. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಬಾಣಗಳು ಇಂಗ್ಲೆಂಡಿನ ವುಲ್ವಿಚ್ ಆಯುಧಾಗಾರವನ್ನು ಸೇರಿದುವು. ಕಾಂಗ್ರೀವ್ ಎಂಬಾತನು ಅವುಗಳನ್ನು ನೋಡಿ ತನ್ನವನ್ನು ಮಾಡಿಕೊಂಡನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಒಂದು ಹಾಳುಬಾವಿಯ ಹೂಳು ತೆಗೆಯುವಾಗ, ಇಂಥ ಸಾವಿರಕ್ಕೂ ಮಿಕ್ಕ ಕೊಳವೆಗಳು ದೊರೆತುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು.

ಅಷ್ಟೆಲ್ಲ ಬಾಣಗಳು ಹಾರಿದ ಈ ನಾಡಿನಲ್ಲಿ ಒಂದು ಬಾಣಕ್ಕೂ ಕಾಗದ ಕಟ್ಟಿ ಕಳಿಸುವ ಯೋಚನೆ ಹೊಳೆದಂತೆ ಕಾಣುವುದಿಲ್ಲ. ಕಾಗದಕ್ಕೆ ಓಡುವ ಅಂಚೆಯವನಿದ್ದನು. ಚಿಕ್ಕದೇವರಾಜ ಒಡೆಯರ ಕಾಲದಿಂದ ಮೈಸೂರಿನ ಅಂಚೆ ಕಾಲ್ನಡಿಗೆಯಲ್ಲೇ ನಡೆದು, 1889ರಲ್ಲಿ ಇಂಗ್ಲಿಷರ ಅಂಚೆಯಲ್ಲಿ ಸೇರಿಹೋಯಿತು.

ಸರಿ. ಬಾಣವಿತ್ತು, ಅಂಚೆಯಿತ್ತು, ಎರಡೂ ಕೂಡಿರಲಿಲ್ಲ ಎಂಬಲ್ಲಿಗೆ ಬಂದೆವು. ಕಾಗದ ಆಕಾಶಕ್ಕೆ ಏರಿದ್ದು ಯಾವಾಗ?

ಬಲೂನಿನಲ್ಲಿ ಮೊದಲೇ ಏರಿತ್ತು. 1870ರಲ್ಲಿ ಜರ್ಮನರು ಪ್ಯಾರಿಸ್ಸನ್ನು ಮುತ್ತಿದಾಗ, ಊರೊಳಗಿನವರು ಅರವತ್ತಕ್ಕೂ ಹೆಚ್ಚು ಬಲೂನುಗಳನ್ನು ಗಾಳಿಯ ಮರ್ಜಿಗೆ ಬಿಟ್ಟು ಇಪ್ಪತ್ತು ಲಕ್ಷಕ್ಕೂ ಮೀರಿದ ಕಾಗದಗಳನ್ನು ಹೊರಗೆ ಸಾಗಿಸಿದರು. ಆದರೆ ವಿಮಾನದಲ್ಲಿ, ಸರ್ಕಾರದ ಅಂಚೆಯ ಅಪ್ಪಣೆಯೊಡನೆ, ಕಾಗದಗಳು ಲೋಕದಲ್ಲೇ ಮೊಟ್ಟಮೊದಲು ಹಾರಿದ್ದು ನಮ್ಮ ದೇಶದಲ್ಲಿ. 1911ರ ಫೆಬ್ರವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದ ಮೈದಾನದಿಂದ ಆನ್ರಿ ಪೆಕೆ ಎಂಬ ಇಪ್ಪತ್ತಮೂರು ವರ್ಷದ ಫ್ರೆಂಚ್ ತರುಣನು ಆರೂವರೆ ಸಾವಿರ ಕಾಗದಗಳನ್ನು ಹೊತ್ತು, ಯಮುನೆಯ ಆಚೆಯ ನೈನಿಯಲ್ಲಿ ಇಳಿದನು. ದೂರ ಆರು ಮೈಲಿ. ಹಿಡಿದ ಹೊತ್ತು ಕಾಲು ಗಂಟೆಗಿಂತ ಕಡಮೆ. ಎತ್ತಿನ ಗಾಡಿಯೂ ಅದೇ ದಿನ ತಲುಪಿಸುತ್ತಿತ್ತೆಂದು ಹಾಸ್ಯ ಮಾಡಬಹುದು. ಆ ಲಕೋಟೆಗಳ ಮೇಲೆ ಒತ್ತಿದ ಮೊಹರು ಕಪ್ಪು ಮಸಿಯದಲ್ಲ, ಅಚ್ಚ ಕೆನ್ನೇರಿಳೆ ಬಣ್ಣದ್ದು. ದೊಡ್ಡದೊಂದು ವೃತ್ತ. ನಡುವೆ ಬೆಟ್ಟಗಳು. ಬೆಟ್ಟದ ಮೇಲೆ ಎರಡಂತಸ್ತಿನ ರೆಕ್ಕೆಯ ವಿಮಾನ. ಸುತ್ತ ಅಲಹಾಬಾದು, ಪ್ರಥಮ ವಿಮಾನದಂಚೆ ಎಂಬರ್ಥದ ಇಂಗ್ಲಿಷು. ಅಲಹಾಬಾದಿಗೂ ನೈನಿಗೂ ನಡುವೆ ಬೆಟ್ಟವೆಂಬುದು ಇಲ್ಲವೇ ಇಲ್ಲವೆಂಬುದನ್ನು ಮೊಹರು ಕೆತ್ತಿದವನು ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ!

ಈಗ ನಮ್ಮ ಕಡೆಗೆ ಬರೋಣ. ಕಾಲು ಗಂಟೆಯ ಆ ಹಾರಾಟವು ಇಪ್ಪತ್ತೊಂದು ವರ್ಷಗಳಲ್ಲಿ ದೇಶದ ಉದ್ದಗಲವನ್ನು ದಾಟುವಷ್ಟು ಬೆಳೆಯಿತು. 1932ರ ಅಕ್ಟೋಬರ್ 15. ಇಂಗ್ಲೆಂಡಿನ ಅಂಚೆ ಇಂಪೀರಿಯಲ್ ಏರ್‌ವೇಸಿನವರ ವಿಮಾನದಲ್ಲಿ ಕರಾಚಿಗೆ ಬಂದು ನಿಲ್ಲುತ್ತಿದ್ದ ಕಾಲ. ಅಲ್ಲಿಂದ ದಕ್ಷಿಣಕ್ಕೆ ಅದನ್ನು ತರುವ ಗುತ್ತಿಗೆಯನ್ನು ಟಾಟಾ ಸಂಸ್ಥೆಯವರು ವಹಿಸಿಕೊಂಡಿದ್ದರು. ಬೆಳಗಿನ ಆರೂವರೆಯ ಸುಮಾರಿಗೆ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಒಬ್ಬರೇ ಹೊರಟರು. ಬಟ್ಟೆ ಹೊದಿಸಿದ ಮೈಯುಳ್ಳ, ಒಂದೇ ಎಂಜಿನಿನ ಪಸ್ ಮಾತ್ ಎಂಬ ಪುಟ್ಟ ವಿಮಾನ. ಸರಕೆಂದರೆ ಸುಮಾರು ಇಪ್ಪತ್ತೈದು ಕಿಲೋಗ್ರಾಮಿನ ಅಂಚೆಯ ಚೀಲ, ಅಷ್ಟೆ. ಅಹಮದಾಬಾದಿನಲ್ಲಿ ಇಳಿದಾಗ ಎಣ್ಣೆಯ ಡಬ್ಬಗಳು ಎತ್ತಿನ ಗಾಡಿಯ ಮೇಲೆ ಬಂದುವು. ಮಧ್ಯಾಹ್ನಕ್ಕೆ ಬೊಂಬಾಯಿಯ ಜುಹು. ಅಲ್ಲಿ ಚೀಲ ಕೈ ಬದಲಾಯಿಸಿತು. ಟಾಟಾ ಅವರ ಜೊತೆಗಾರರಾದ ನೆವಿಲ್ ವಿನ್ಸೆಂಟರು ಇನ್ನೊಂದು ಪಸ್ ಮಾತಿನಲ್ಲಿ ಅದನ್ನು ಹೇರಿಕೊಂಡು ಮದರಾಸಿನ ಕಡೆಗೆ ಹೊರಟರು.

ಬೊಂಬಾಯಿಗೂ ಮದರಾಸಿಗೂ ನಡುವೆ ಒಂದು ತಂಗುದಾಣ ಬೇಕಷ್ಟೆ. ಆ ತಂಗುದಾಣ ಬಳ್ಳಾರಿ.

ತಾವು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ. ಕರಿಮಣ್ಣಿನ ಬಯಲು. ಹಿಂಗಾರಿನ ಹತ್ತಿ ಜೋಳಗಳ ಕಾಲ. ದೂರದಲ್ಲಿ ಬಂಡೆಯೇ ಬೆಟ್ಟವಾದ ಕೋಟೆ. ಪಶ್ಚಿಮದ ಆಕಾಶದಲ್ಲಿ ದುಂಬಿಯ ಮೊರೆತದಂತೆ ಒಂದು ಸದ್ದು. ವಿಮಾನವು ಅಲ್ಲಿ ಇರುಳು ತಂಗಿ, ಮರುದಿನ ಮದರಾಸು ಮುಟ್ಟಿತು. ದಾರಿ ತೋರುವ ರೇಡಿಯೋ ಇಲ್ಲದ ಆ ಕಾಲದಲ್ಲಿ ನೆಲದ ಮೇಲಿನ ನದಿ, ಬೆಟ್ಟ, ರೈಲಿನ ಹಳಿಗಳೇ ಚಾಲಕನಿಗೆ ಕೈಕಂಬ. ಮೊದಲ ವರ್ಷದಲ್ಲಿ ಈ ಸೇವೆಯು ಹಾರಿದ್ದು ಒಂದು ಲಕ್ಷ ಅರವತ್ತು ಸಾವಿರ ಮೈಲಿ. ಹೊತ್ತ ಅಂಚೆ ಹತ್ತು ಟನ್ನಿನಷ್ಟು. ಬಂದ ಲಾಭ ಅರವತ್ತು ಸಾವಿರ ರೂಪಾಯಿ. ಮುಂದೆ ಏರ್ ಇಂಡಿಯಾ ಎಂದು ಹೆಸರಾದ ಸಂಸ್ಥೆಯ ಮೊದಲ ರಾತ್ರಿಯ ಬೀಡು ನಮ್ಮ ನೆರೆಯದು ಎಂಬುದನ್ನು ಬಳ್ಳಾರಿಯವರೇ ಮರೆತಂತಿದೆ.

ರಾಯದುರ್ಗವು ಆಗ ಬಳ್ಳಾರಿ ಜಿಲ್ಲೆಗೇ ಸೇರಿದ ತಾಲ್ಲೂಕು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅದು ಅನಂತಪುರಕ್ಕೆ ಸೇರಿತು. ಬಳ್ಳಾರಿ ಮೈಸೂರಿಗೆ ಬಂದಿತು. ನಮ್ಮ ಮಡಕಶಿರಾ ಮೊದಲಿನಿಂದ ಆಂಧ್ರದ ಕಡೆಯೇ, ಮೂರು ದಿಕ್ಕಿಗೆ ಕನ್ನಡ ರಾಜ್ಯವನ್ನು ಇಟ್ಟುಕೊಂಡು. ತಾತನವರ ಲಕೋಟೆಯ ಮೇಲೆ ಮಂಡಿಯ ಗುಮಾಸ್ತನು ದುಂಡಗೆ ಬರೆದ ವಿಳಾಸದಲ್ಲಿ, ರಾಯದುರ್ಗದ ಕೆಳಗೆ ಬಳ್ಳಾರಿ ಜಿಲ್ಲೆ ಎಂದಿದೆ. ಗಡಿಯ ಚರಿತ್ರೆಯನ್ನು ಹೇಳುವ ಪುಸ್ತಕಗಳು ಹಲವು. ಇಷ್ಟು ನಿರ್ಲಿಪ್ತವಾಗಿ ಹೇಳುವುದು ಒಂದು ವಿಳಾಸ ಮಾತ್ರ.

ಇದುವರೆಗೆ ನೋಡಿದ್ದನ್ನು ಒಮ್ಮೆ ನೆನೆಯೋಣ. ಅಲಹಾಬಾದಿನಲ್ಲಿ ಕಾಗದ ಮೊದಲು ಹಾರಿತು. ಬಳ್ಳಾರಿಯ ಮೇಲಾಗಿ ದಕ್ಷಿಣಕ್ಕೆ ಬಂದಿತು. ಇನ್ನು, ಕೈಯಲ್ಲಿರುವ ಒಂದು ಲಕೋಟೆ ಹಾರಿತ್ತೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು?

ನೀಲಿಯ ಪಟ್ಟಿಯೊಂದನ್ನೇ ನಂಬುವಂತಿಲ್ಲ. ಪಟ್ಟಿಯಂಟಿಸಿದ್ದೂ ರೈಲಿನಲ್ಲಿ ಬಂದುದುಂಟು. ಸಾಕ್ಷಿ ಹೇಳುವುವು ಎರಡು ಮೊಹರುಗಳು. ಮುಂಬದಿಯದು ಹೊರಟ ಊರಿನದು, ಚೀಟಿಯ ಮೇಲೆ ಅರ್ಧ, ಲಕೋಟೆಯ ಮೇಲೆ ಅರ್ಧ ಬೀಳುವಂತೆ ಒತ್ತಿದ್ದು. ಹಿಂಬದಿಯದು ತಲುಪಿದ ಊರಿನದು, ಇಲ್ಲವೆ ದಾರಿಯ ಊರಿನದು. ಎರಡರ ತೇದಿಗಳ ನಡುವಿನ ಅಂತರವೇ ಪ್ರಯಾಣದ ಕಥೆ. ಕರಾಚಿಯ ಅಕ್ಟೋಬರ್ 15 ಮುಂದುಗಡೆಯೂ ಮದರಾಸಿನ ಅಕ್ಟೋಬರ್ 16 ಹಿಂದುಗಡೆಯೂ ಇರುವ ಲಕೋಟೆಯನ್ನು ಯಾವ ರೈಲೂ ತಂದಿರಲಾರದು. ಚೀಟಿಯನ್ನು ಕಿತ್ತರೆ ಈ ಸಾಕ್ಷಿಯಲ್ಲಿ ಅರ್ಧ ಸತ್ತಿತು. ನಾನು ಬಟ್ಟಲಿನಲ್ಲಿ ಮುಳುಗಿಸಿದ್ದು ಆ ಅರ್ಧವನ್ನು. ಮಾರಿಕೊಂಡದ್ದೂ ಅದನ್ನೇ. ಹೀಗಾಗಿ ತಾತನವರ ಕಾಗದವು ಆ ಮೊದಲ ಹಾರಾಟದಲ್ಲಿಯೇ ಬಂದಿತೋ, ಮುಂದಿನ ಯಾವುದೋ ವಾರದ ಸಾಧಾರಣ ವಿಮಾನದಲ್ಲಿ ಬಂದಿತೋ, ಅದೂ ಅಲ್ಲದೆ ಗುಂತಕಲ್ಲಿನಲ್ಲಿ ರೈಲುಬಂಡಿ ಬದಲಾಯಿಸಿ ಬಂದಿತೋ, ಇನ್ನಾರೂ ನಿರ್ಣಯಿಸಲಾರರು.

ವಿಮಾನದ ಮಾತಾಯಿತು. ರಾಕೆಟ್ಟಿನ ಮಾತು ಉಳಿದಿದೆ. ಬಾಣಕ್ಕೆ ಕಾಗದ ಕಟ್ಟುವ ಯೋಚನೆ ನಮ್ಮವರಿಗೆ ಬರಲಿಲ್ಲವೆಂದೆನಷ್ಟೆ. ಅದು ಬಂದದ್ದು ಕಲ್ಕತ್ತೆಯಲ್ಲಿ ನೆಲಸಿದ್ದ ಒಬ್ಬ ಆಂಗ್ಲೋ-ಇಂಡಿಯನ್ನರಿಗೆ. ಸ್ಟೀಫನ್ ಸ್ಮಿತ್ ಎಂದು ಅವರ ಹೆಸರು. ಹುಟ್ಟಿದ್ದು 1891ರಲ್ಲಿ ಶಿಲ್ಲಾಂಗಿನಲ್ಲಿ. ಸುಂಕದ ಕಟ್ಟೆಯ ಕೆಲಸ ಮಾಡಿದರು, ಪೊಲೀಸಿನಲ್ಲಿದ್ದರು, ಹಲ್ಲಿನ ವೈದ್ಯರೂ ಆದರು. ಮನಸ್ಸು ಮಾತ್ರ ಯಾವಾಗಲೂ ಬಾಣದ ತುದಿಯಲ್ಲಿ. 1934ರ ಸೆಪ್ಟೆಂಬರ್ 30ರಂದು ಗಂಗೆಯ ಮುಖದಲ್ಲಿರುವ ಸಾಗರದ್ವೀಪದ ಕಡೆಗೆ, ಹಡಗಿನ ಮೇಲಿಂದ, ನೂರನಲವತ್ತರಷ್ಟು ಕಾಗದಗಳನ್ನು ತುಂಬಿದ ರಾಕೆಟ್ಟನ್ನು ಅವರು ಬಿಟ್ಟರು. ಅದು ನಡು ಆಕಾಶದಲ್ಲೇ ಒಡೆಯಿತು. ಕಾಗದಗಳು ಮಳೆಯಂತೆ ಚೆಲ್ಲಿದುವು. ಆಯ್ದುಕೊಂಡರು. ಎದೆಗುಂದಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಇನ್ನೂರೆಪ್ಪತ್ತರಷ್ಟು ರಾಕೆಟ್ಟುಗಳನ್ನು ಹಾರಿಸಿದರು. ಅವುಗಳಲ್ಲಿ ಎಂಬತ್ತಾದರೂ ಅಂಚೆ ಹೊತ್ತವು.

1935ರಲ್ಲಿ ಸಿಕ್ಕಿಮಿನ ದೊರೆಗಳಾದ ತಾಶಿ ನಮ್ಗ್ಯಾಲರು ಅವರನ್ನು ಕರೆಸಿಕೊಂಡರು. ಬೆಟ್ಟಗಳ ನಾಡು, ಮಳೆ ಬಂದರೆ ಹೊಳೆ ದಾಟುವಂತಿಲ್ಲ, ಭೂಮಿ ಜಾರಿದರೆ ದಾರಿಯಿಲ್ಲ. ಅಲ್ಲಿ ರಾಕೆಟ್ಟು ಆಟಿಕೆಯಾಗಿರಲಿಲ್ಲ. ಕಾಗದಗಳಲ್ಲದೆ ಸಣ್ಣದೊಂದು ಪಾರ್ಸೆಲನ್ನೂ ಅವರು ಹೊಳೆ ದಾಟಿಸಿದರು. ಅದೇ ವರ್ಷ ಜೂನಿನಲ್ಲಿ ದಾಮೋದರ ನದಿಯ ಮೇಲೆ ಒಂದು ಕೋಳಿಯನ್ನೂ ಒಂದು ಹುಂಜವನ್ನೂ ಕಾಗದಗಳೊಡನೆ ಹಾರಿಸಿದರು. ಎರಡೂ ಜೀವಸಹಿತ ಇಳಿದುವು. ಸ್ಪುಟ್ನಿಕ್ ನಾಯಿಗೆ ಇಪ್ಪತ್ತೆರಡು ವರ್ಷ ಹಿರಿಯರು ಇವರು ಎಂದು ನಾನು ಮೊಮ್ಮಕ್ಕಳಿಗೆ ಹೇಳಿ ನಗಿಸುವುದುಂಟು. ಸ್ಮಿತ್ ಅವರು 1951ರಲ್ಲಿ ತೀರಿಕೊಂಡರು. ನಮ್ಮ ಅಂಚೆ ಇಲಾಖೆ 1992ರಲ್ಲಿ ಅವರ ಹೆಸರಿನ ಚೀಟಿಯೊಂದನ್ನು ಹೊರಡಿಸಿತು.

ಸ್ಮಿತ್ ಒಬ್ಬರೇ ಅಲ್ಲ. 1931ರಲ್ಲಿ ಆಸ್ಟ್ರಿಯದ ಶ್ಮೀಡಲ್ ಎಂಬವರು ಬೆಟ್ಟದ ತಲೆಯಿಂದ ಬುಡದ ಹಳ್ಳಿಗೆ ನೂರರಷ್ಟು ಕಾಗದಗಳನ್ನು ರಾಕೆಟ್ಟಿನಲ್ಲಿ ಇಳಿಸಿದರು. 1934ರಲ್ಲಿ ಜರ್ಮನಿಯ ಜುಕರ್ ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಬಿಟ್ಟ ರಾಕೆಟ್ಟು ಅಲ್ಲಿಯೇ ಸಿಡಿಯಿತು. ಅಂಚು ಸುಟ್ಟ ಆ ಲಕೋಟೆಗಳಿಗೇ ಈಗ ಗಿರಾಕಿಗಳು ಹೆಚ್ಚು. 1959ರಲ್ಲಿ ಅಮೆರಿಕದವರು ಜಲಾಂತರ್ಗಾಮಿಯಿಂದ ಕ್ಷಿಪಣಿಯೊಂದರಲ್ಲಿ ಮೂರು ಸಾವಿರ ಕಾಗದಗಳನ್ನು ದಡಕ್ಕೆ ಕಳಿಸಿ, ಎರಡನೆಯ ಸಲ ಆ ಗೊಡವೆಗೆ ಹೋಗಲಿಲ್ಲ.

ಇಲ್ಲಿ ನನ್ನ ಅಭಿಪ್ರಾಯವೊಂದನ್ನು ಹೇಳಲೇಬೇಕು. ರಾಕೆಟ್ಟಿನ ಲಕೋಟೆಗಳಲ್ಲಿ ಬಹುಪಾಲು, ಸಂಗ್ರಾಹಕರಿಗೆ ಮಾರುವುದಕ್ಕೆಂದೇ ಮಾಡಿದವು. ಪ್ರಯೋಗಕ್ಕೆ ಹಣ ಕೂಡಿಸುವ ದಾರಿ ಅದೊಂದೇ ಆಗಿತ್ತೆಂಬುದನ್ನು ನಾನು ಬಲ್ಲೆ, ಸ್ಮಿತ್ ಅವರನ್ನು ಅದಕ್ಕಾಗಿ ಆಕ್ಷೇಪಿಸೆನು. ಆದರೆ ಲೋಭ ಎಲ್ಲಿಗೆ ಹೋಗಬಲ್ಲುದೆಂಬುದಕ್ಕೆ 1971ರ ಅಪೊಲೊ 15 ನೋಡಿ. ಚಂದ್ರನಲ್ಲಿಗೆ ಹೋದವರು ಅಪ್ಪಣೆಯಿಲ್ಲದೆ ನಾನೂರರಷ್ಟು ಲಕೋಟೆಗಳನ್ನು ಕೊಂಡೊಯ್ದು, ಹಿಂದಿರುಗಿದ ಮೇಲೆ ಛೀಮಾರಿಗೊಳಗಾದರು. ಆ ಮೂವರೂ ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ. ಚಂದ್ರನನ್ನು ಮುಟ್ಟಿಬಂದ ಆ ಲಕೋಟೆಯನ್ನೂ, ಅರಳೆಯ ಧಾರಣೆಯನ್ನು ತಿಳಿಸಲು ಅವಸರದಲ್ಲಿ ನಾಲ್ಕು ಸಾಲು ಗೀಚಿ ಬಳ್ಳಾರಿಯ ವಿಮಾನಕ್ಕೆ ಹಾಕಿದ ವ್ಯಾಪಾರಿಯ ಲಕೋಟೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ನಾನು ಎರಡನೆಯದನ್ನೇ ಎತ್ತಿಕೊಂಡೇನು. ಅದಕ್ಕೆ ಹಾರುವ ಅಗತ್ಯವಿತ್ತು.

ಹಾರಿದ ಲಕೋಟೆ ಬೇರೆ, ಹಾರಾಟದ ನೆನಪಿಗೆ ಅಚ್ಚಾದ ಲಕೋಟೆ ಬೇರೆ. ಎಳೆಯರು ಇವೆರಡನ್ನು ಕಲಸಿಕೊಳ್ಳುವುದುಂಟು. ಬೆಂಗಳೂರಿನ ಪೀಣ್ಯದ ತಗಡಿನ ಮಾಡುಗಳ ಕೆಳಗೆ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ರಷ್ಯದ ನೆಲದಿಂದ ಏರಿತು. ಅದರ ಚೀಟಿಯೂ ಪ್ರಥಮ ದಿನದ ಲಕೋಟೆಯೂ ಹೊರಬಂದುವು. 1981ರಲ್ಲಿ ಆಪಲ್ ಉಪಗ್ರಹವನ್ನು ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲೆ ಕೂರಿಸಿದರು. ಅದರ ಚೀಟಿಯೂ ಬಂದಿತು. ಈ ಚೀಟಿ ಲಕೋಟೆಗಳು ನೆಲ ಬಿಟ್ಟು ಏಳಲಿಲ್ಲ. ಬೆಲೆ ಅಗ್ಗ. ಮಕ್ಕಳು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಅಹಮದಾಬಾದಿನಲ್ಲಿ ಎಣ್ಣೆ ತಂದ ಗಾಡಿಗೂ ಬೆಂಗಳೂರಿನಲ್ಲಿ ಉಪಗ್ರಹ ಹೊತ್ತ ಗಾಡಿಗೂ ನಡುವೆ ಸುಮಾರು ಐವತ್ತು ವರ್ಷಗಳ ಅಂತರ. ಎರಡನ್ನೂ ಎಳೆದದ್ದು ಮಾತ್ರ ಎತ್ತುಗಳೇ.

ನನ್ನ ಸಮಯ ತೀರುತ್ತ ಬಂದಿದೆ. ಹಾರಿದ ಲಕೋಟೆಗೆ ಎರಡು ಮೊಹರು ಸಾಕ್ಷಿ, ಚೀಟಿಯನ್ನು ಕಿತ್ತರೆ ಸಾಕ್ಷಿ ಕೆಡುವುದು. ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಬಿನ್ನಹವನ್ನು ಆಲಿಸಬೇಕು.

ರಾಯದುರ್ಗ, ಮಡಕಶಿರಾ, ರೊಳ್ಳ, ಕಲ್ಯಾಣದುರ್ಗ, ಆಚೆ ಬಳ್ಳಾರಿ, ಶಿರಾ, ಪಾವಗಡ, ಈ ಊರುಗಳಲ್ಲಿ ಹಿಂದೆ ಹತ್ತಿ, ಕಡಲೆಕಾಯಿ, ಜವಳಿಗಳ ವ್ಯಾಪಾರ ಮಾಡಿದ ಮನೆತನಗಳು ಬಹಳ. ಅಂಥ ಮನೆಗಳ ಅಟ್ಟದಲ್ಲಿ ಹಳೆಯ ಕಾಗದದ ಕಟ್ಟುಗಳಿದ್ದರೆ, ಹಬ್ಬದ ಧೂಳು ಹೊಡೆಯುವಾಗ ಅವುಗಳನ್ನು ನೀರೊಲೆಗೆ ಹಾಕಬೇಡಿ. ಬಿಚ್ಚಿ ನೋಡಿ. 1932ರಿಂದ ಮುಂದಿನ ತೇದಿ, ನೀಲಿಯ ಪಟ್ಟಿ, ಬೆನ್ನಿನ ಮೇಲೆ ಬಳ್ಳಾರಿಯ ಮೊಹರು, ಇವು ಕಂಡರೆ ಬೇರೆ ತೆಗೆದಿಡಿ. ಒದ್ದೆ ಕೈಯಿಂದ ಮುಟ್ಟಬೇಡಿ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಅದರ ಅಂಟು ಕೆಲವು ವರ್ಷಗಳಲ್ಲಿ ಕಾಗದವನ್ನು ಕಂದಿಸಿಬಿಡುವುದು. ಲ್ಯಾಮಿನೇಷನ್ ಅಂಗಡಿಗೆ ಒಯ್ಯಬೇಡಿ. ಬಿಸಿಲಿಗೆ ಹಾಕಬೇಡಿ. ಬಿಳಿಯ ಕಾಗದದ ದೊಡ್ಡ ಲಕೋಟೆಯೊಂದರಲ್ಲಿಟ್ಟು, ಒಣಗಿದ ಜಾಗದಲ್ಲಿ ಮಲಗಿಸಿಡಿ. ಮನೆಯಲ್ಲಿ ಚೀಟಿ ಕೂಡಿಸುವ ಹುಡುಗನೋ ಹುಡುಗಿಯೋ ಇದ್ದರೆ ಮೊದಲು ಅವರನ್ನು ಹತ್ತಿರ ಕೂರಿಸಿಕೊಂಡು ಎರಡೂ ಮೊಹರುಗಳನ್ನು ಓದಿಸಿ. ಆಮೇಲೆ ಬಿಸಿನೀರಿನ ಬಟ್ಟಲನ್ನು ಅಡಿಗೆಮನೆಗೆ ಹಿಂದಿರುಗಿಸಿ.